ಹೇಳಾಕಿ, ಹೊಡ್ಯಾಕಿ

ಸುರಪುರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರುಗಳಿದ್ದವು. ನಡೆಯುತ್ತಿದ್ದವು ಆರು. ಬಿಸಿಎ ಓದುವ ನಮ್ಮಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ನಮ್ಮಪ್ಪನಿಗೆ ಕಿರಾಣಿ ಅಂಗಡಿ ಇತ್ತು, ಆದರೆ ಲ್ಯಾಪ್‌ಟಾಪ್ ಮಾತು ತೆಗೆದರೆ ಸಾಕು, "ಫೋನ್ ಐತಲ್ಲ ನಾಗರತ್ನಾ, ಅದರಾಗ ನೋಡ್ಕೋ" ಅನ್ನುತ್ತಿದ್ದ. ಅದರಲ್ಲಿ ಏನು ನೋಡಿಕೊಳ್ಳುವುದು, ನನ್ನ ಹಣೆಬರಹ!

ಹೀಗಾಗಿ ಒಂದು ಕಂಪ್ಯೂಟರಿಗೆ ಇಬ್ಬರು. ಒಬ್ಬಳು ಪ್ರೋಗ್ರಾಂ ಹೇಳಾಕಿ, ಒಬ್ಬಳು ಕೀಬೋರ್ಡ್ ಹೊಡ್ಯಾಕಿ. ನನ್ನ ಜೋಡಿ ಪರಿಮಳಾ, ಕೆಂಭಾವಿಯಿಂದ ಬಸ್ಸಿಗೆ ಬರುವವಳು. ಮೊದಲ ದಿನ ನಾನು ಕೀಬೋರ್ಡಿನ ಮುಂದಿನ ಕುರ್ಚಿ ಹಿಡಿದೆ, ಅವಳು ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಎರಡು ವರ್ಷ ಹಾಗೇ ಕುಳಿತೆವು. ಅವಳು ಮನೆಯಲ್ಲಿ ನೋಟುಬುಕ್ಕಿನಲ್ಲಿ ಪ್ರೋಗ್ರಾಂ ಬರೆದು, ಯಾವ ಸಾಲಿಗೆ ಏನು ಉತ್ತರ ಬರುತ್ತದೆಂದು ಪೆನ್ಸಿಲಿನಲ್ಲಿ ಬಿಡಿಸಿ ನೋಡಿ ತರುತ್ತಿದ್ದಳು. ಅವಳು ಹೇಳುವಳು, ನಾನು ಹೊಡೆಯುವೆ, ಪ್ರೋಗ್ರಾಂ ಒಂದೇ ಸಲಕ್ಕೆ ಓಡುವುದು. ಲ್ಯಾಬ್ ನೋಡಿಕೊಳ್ಳುವ ಶಾಂತಕುಮಾರ ಸರ್ ಇಬ್ಬರಿಗೂ ಶಾಬಾಷ್ ಅನ್ನುವರು. ಪ್ರಾಕ್ಟಿಕಲ್ ಪರೀಕ್ಷೆಯಲ್ಲೂ ಜೋಡಿಯಾಗಿಯೇ ಕೂರಿಸುವರು. ಪರಿಮಳಾ ಒಂದು ಕೀಯನ್ನೂ ಮುಟ್ಟಿಲ್ಲ, ನನಗೆ ಒಂದು ಪ್ರೋಗ್ರಾಮೂ ಬಾರದು ಎಂಬುದು ಯಾರಿಗೂ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ.

ನಾಲ್ಕನೇ ಸೆಮಿಸ್ಟರಿಗೆ ಹೊರಗಿನಿಂದ ಬಂದ ಪರೀಕ್ಷಕರು ಬೇರೆ ಥರದ ಮನುಷ್ಯ. "ಜೋಡಿ ಗೀಡಿ ಏನೂ ಇಲ್ಲ. ಆರಾರು ಮಂದಿ ಬರ್ರಿ, ಒಬ್ರಿಗೆ ಒಂದು. ಒಂದು ತಾಸು" ಎಂದರು. ಪರಿಮಳಾಳ ಮುಖ ಬಿಳಿಚಿಕೊಂಡಿತು. ಅವಳವ್ವ ಬಾಲಮ್ಮ ಹೊಲಗೆಲಸದ ಕೂಲಿಯಾಕೆ. "ಒಂದ ಪೇಪರ್ ಹೋದ್ರೂ ಕಾಲೇಜ್ ಬಂದ್. ನನ್ನ ಜೋಡಿ ಹತ್ತಿ ಬಿಡಸಾಕ ಬಾ" ಎಂದು ಮೊದಲೇ ಹೇಳಿಟ್ಟಿದ್ದಳು. ಬಾಲಮ್ಮ ಹೇಳಿದ್ದನ್ನು ಮಾಡುವ ಹೆಂಗಸು.

ಬೋರ್ಡಿನ ಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: ಹತ್ತು ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಂ. ನನ್ನ ಬೆರಳು ತಯಾರಿದ್ದವು, ತಲೆ ಖಾಲಿ. ಪಕ್ಕದ ಕಂಪ್ಯೂಟರಿನಲ್ಲಿ ಪರಿಮಳಾ ಒಂದೇ ಬೆರಳು ಎತ್ತಿಕೊಂಡು, ಅಕ್ಕಿಯಲ್ಲಿ ಹರಳು ಆರಿಸುವವಳ ಹಾಗೆ ಅಕ್ಷರ ಹುಡುಕುತ್ತಿದ್ದಳು. ಐದು ನಿಮಿಷವಾದರೂ ಒಂದು ಸಾಲು ಮುಗಿಯಲಿಲ್ಲ. ಆಮೇಲೆ ಅವಳ ಬಾಯಿ ಶುರುವಾಯಿತು. "ಫಾರ್, ಬ್ರಾಕೆಟ್, ಐ ಈಕ್ವಲ್ ಟು ಜೀರೋ..." ಪಾಪ, ರೂಢಿ ಎಂದುಕೊಂಡೆ. ನನ್ನ ಬೆರಳು ನನ್ನನ್ನು ಕೇಳಲೇ ಇಲ್ಲ, ಹೊಡೆಯುತ್ತ ಹೋದವು.

ಅವಳು ಕೊನೆಯ ಸಾಲು ಹೇಳಿ ಮುಗಿಸುವುದಕ್ಕೂ, ಬಾಗಿಲ ಹೊರಗೆ ಶಾಂತಕುಮಾರ ಸರ್ ಜೊತೆ ಮಾತಾಡುತ್ತಿದ್ದ ಪರೀಕ್ಷಕರು ಒಳಗೆ ಬರುವುದಕ್ಕೂ ಸರಿಹೋಯಿತು.

"ಯಾರವಾ ಅದು, ವಟವಟ ಹಚ್ಚಿದಾಕಿ?" ಅವಳ ಸ್ಕ್ರೀನ್ ನೋಡಿದರು. "ಎರಡ ಸಾಲು! ಎರಡು ವರ್ಷ ಕಾಲೇಜಿಗಿ ಬಂದು ಏನ್ ಕಲ್ತಿ? ಏಳು, ನಡಿ ಹೊರಗ."

ಪರಿಮಳಾ ಎದ್ದು ಹೋದಳು, ನನ್ನ ಕಡೆ ನೋಡಲಿಲ್ಲ. ನಾನು ಸ್ಕ್ರೀನಿನ ಮೇಲಿನ ಕಣ್ಣು ಕೀಳಲಿಲ್ಲ. ಹೆದರಿಕೆ, ಮತ್ತೇನು. ಪ್ರೋಗ್ರಾಂ ಓಡಿಸಿದೆ. ಹತ್ತೂ ಸಂಖ್ಯೆ ಸಾಲಾಗಿ ಬಂದು ನಿಂತವು. "ಇದು ನೋಡ್ರಿ ಕೆಲಸ ಅಂದ್ರ" ಎಂದು ಪರೀಕ್ಷಕರು ಎಲ್ಲರಿಗೂ ಕೇಳುವಂತೆ ಹೇಳಿದರು.

ಹೊರಗೆ ಬೇವಿನ ಗಿಡದ ಕೆಳಗೆ ಅವಳು ನಿಂತಿದ್ದಳು. ನನಗೆ ನಾಚಿಕೆಯಾಗಿತ್ತು, ಅದಕ್ಕೇ ಜಗಳ ತೆಗೆದೆ.

"ಅಷ್ಟು ಜೋರಾಗಿ ಯಾಕ ಒದರಿದಿ? ಬಾಯಿ ಮುಚ್ಕೊಂಡು ನಿಂದು ನೀ ಹೊಡ್ಕೋಬೇಕಿಲ್ಲೋ?"

"ನಿನಗ ಕೇಳಲಿ ಅಂತನ ಒದರೀನಿ" ಎಂದಳು. "ನನ್ನ ಕೈಲೆ ಆಗಂಗಿಲ್ಲಂತ ಐದು ನಿಮಿಷದಾಗ ಗೊತ್ತಾತು. ನಾ ಸುಮ್ಮ ಕುಂತಿದ್ರ ನೀ ಏನ್ ಹೊಡೀತಿದ್ದಿ? ಇಬ್ಬರೂ ಯಾಕ ಕೆಡಬೇಕು?"

ಮಾತು ನೆಟ್ಟಗೆ ಬಂದು ತಾಗಿತು.

"ಓಡ್ತೇನು?" ಎಂದು ಕೇಳಿದಳು.

"ಓಡ್ತು."

"ಹತ್ತೂ ಸರಿ ಬಂದ್ವಾ?"

"ಬಂದ್ವು."

"ನಾ ನೋಡ್ಲೇ ಇಲ್ಲ ನೋಡು" ಎಂದು ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಬಹುಶಃ ಸಮಾಧಾನ ಹೇಳಿ ಮನೆಗೆ ಹೋಗುತ್ತಿದ್ದೆ.

"ಇಲ್ಲೇ ನಿಂದರು, ಎಲ್ಲಿಗೂ ಹೋಗಬ್ಯಾಡ" ಎಂದು ಅವಳಿಗೆ ಹೇಳಿ ಲ್ಯಾಬಿಗೆ ತಿರುಗಿ ಹೋದೆ. ಮುಂದಿನ ಆರು ಮಂದಿ ಇನ್ನೂ ಒಳಗೆ ಬಂದಿರಲಿಲ್ಲ. ಪರೀಕ್ಷಕರು ಚಹಾ ಕುಡಿಯುತ್ತಿದ್ದರು. ಪ್ರೋಗ್ರಾಂ ನನ್ನದಲ್ಲ, ಆಗ ಹೊರಗೆ ಕಳಿಸಿದ ಹುಡುಗಿಯದು, ಅವಳು ಹೇಳಿದ್ದನ್ನು ನಾನು ಹೊಡೆದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಕಪ್ಪು ಕೆಳಗಿಟ್ಟರು.

"ಹಂಗಾದ್ರ ನಿನ್ನ ಹೆಸರಿನ ಮುಂದ ಕಾಪಿ ಅಂತ ಬರೀಬೇಕಾಗ್ತದ. ತಿಳಿತೇನು?"

ನಾನು ತಲೆಯಾಡಿಸಿದೆ.

"ಬರೀರಿ ಸರ್. ಆದ್ರ ಆ ಪ್ರೋಗ್ರಾಂ ಅಳಸಬ್ಯಾಡ್ರಿ. ಮೊದಲ ಆಕೀನ್ನ ಒಳಗ ಕರೀರಿ, ಓಡೋದು ಕಣ್ಣಲೆ ನೋಡ್ಲಿ."