ಮೇಲೆತ್ತಿದರೆ ಮೊದಲನೇ ಗೇರು

೧

ಎಲ್ಲಿಂದ ಶುರು ಮಾಡಬೇಕು? ಬೈಕಿನ ಕಥೆ ಎಂದರೆ ಇಂಜಿನ್ ಸದ್ದಿನಿಂದ ಶುರುವಾಗಬೇಕಂತೆ. ಗುಡುಗು ಎಂದು ಬರೆದೆ, ಹರಿದೆ. ಹುಲಿ ಎಂದು ಬರೆದೆ, ಅದನ್ನೂ ಹರಿದೆ. (ಹುಲಿ ಚೆನ್ನಾಗಿಯೇ ಇತ್ತು. ಆದರೆ ಹುಲಿ ನಿಂತಲ್ಲಿ ಎಣ್ಣೆ ಸೋರಿಸುವುದಿಲ್ಲ.)

ಖರ್ಚಿನಿಂದಲೇ ಶುರು ಮಾಡುತ್ತೇನೆ, ಅದರಲ್ಲಿ ಸುಳ್ಳು ಕಡಿಮೆ. ಇಟಲಿಯ ಹಳೆಯ ಬೈಕೊಂದನ್ನು ಸಾಕಲು ತಗಲುವುದು: ಕೆಳಗೆ ಹಾಸಲು ಮನೆಯ ಒಳ್ಳೆಯ ಬೆಡ್‌ಶೀಟು, ಬೆರಳ ಗೆಣ್ಣಿನ ಚರ್ಮ, ಲೆಕ್ಕವಿಲ್ಲದ ಭಾನುವಾರಗಳು, ಒಂದು ರಬ್ಬರ್ ವಾಷರಿಗಾಗಿ ಸಮುದ್ರದಾಚೆಯ ಅಪರಿಚಿತನೊಡನೆ ಬೆಳೆಸಿದ ಸ್ನೇಹ, ಮತ್ತು ಹೆಂಡತಿಯ ತಮ್ಮನೊಡನೆ ನಿಂತುಹೋದ ಮಾತುಕತೆ. ಹಣದ ಲೆಕ್ಕ ಕೇಳಬೇಡಿ. ಬೈಕ್ ಇಟ್ಟವರು ಅದನ್ನು ಮನೆಯಲ್ಲೂ ಹೇಳಿರುವುದಿಲ್ಲ.

ಕಂಪನಿಯ ಹೆಸರನ್ನೂ ಕೇಳಬೇಡಿ. ಹೇಳಿದರೆ ಕಂಪನಿಯವರಿಗಿಂತ ಮೊದಲು ಅದರ ಮಾಲೀಕರು ಜಗಳಕ್ಕೆ ಬರುತ್ತಾರೆ.

೨

ಈ ಬೈಕಿನ ಮಾಲೀಕನನ್ನು ಬೈಕ್ ಮಂದಿ ಕರೆಯುವುದು ಒರಿಜಿನಲ್ ಎಂದು. ಯಾರಾದರೂ ಹೊಸದಾಗಿ ಕೊಂಡ ಹಳೆಯ ಬೈಕನ್ನು ತೋರಿಸಿದರೆ ಆತ ಚೆಂದವಿದೆ ಎನ್ನುವುದಿಲ್ಲ. ಮೊಣಕಾಲೂರಿ ನಟ್ಟು ಬೋಲ್ಟುಗಳನ್ನು ನೋಡಿ, “ಇದು ಒರಿಜಿನಲ್ಲಾ?” ಎಂದು ಕೇಳುತ್ತಾನೆ. ಅಲ್ಲ ಎಂದರೆ ಎದ್ದು ಕೈ ಒರೆಸಿಕೊಳ್ಳುತ್ತಾನೆ. ಆ ಕೈ ಒರೆಸುವಿಕೆಗೆ ಗಂಡಸರು ಕಣ್ಣೀರು ಹಾಕಿದ್ದುಂಟು.

ಹೊಟ್ಟೆಪಾಡಿಗೆ ಅವನು ಮಾಡುವುದು ಡೂಪ್ಲಿಕೇಟ್ ಕೀ. ಬಸ್ ನಿಲ್ದಾಣದ ಪಕ್ಕ, ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕಾದಷ್ಟು ಅಂಗಡಿ.

(ಮನೆಯಲ್ಲಿ ಅಸಲು, ಅಂಗಡಿಯಲ್ಲಿ ನಕಲು. ಎಷ್ಟು ಜಾಣತನದಿಂದ ಕಟ್ಟಿದೆ ಎಂದು ನಾನು ಬೀಗುತ್ತಿದ್ದಾಗ ಅವನೇ ಅಡ್ಡ ಬಾಯಿ ಹಾಕಿದ. “ನಕಲು ಮಾಡೋನಿಗೇ ಅಸಲಿನ ಬೆಲೆ ಗೊತ್ತಿರೋದು ಸಾರ್. ಸವೆದ ಕೀ ಕೊಟ್ಟು ಇನ್ನೊಂದು ಮಾಡು ಅಂದ್ರೆ, ಅದು ಯಾವ ಬೀಗಕ್ಕೂ ತಿರುಗಲ್ಲ.” ಸರಿ. ಆ ಸಾಲು ಅವನದು, ನನ್ನದಲ್ಲ.)

ಭಾಮೈದ ವೆಲ್ಡರ್. ಎರಡು ವರ್ಷದ ಹಿಂದೆ, ಭಾವನಿಗೆ ಸಾಮಾನಿಡಲು ಅನುಕೂಲವಾಗಲಿ ಎಂದು, ಅವನಿಲ್ಲದಾಗ ಹಿಂದಿನ ಮಡ್‌ಗಾರ್ಡಿಗೆ ಎರಡು ತೂತು ಕೊರೆದು ಪೆಟ್ಟಿಗೆ ಕೂರಿಸಿಬಿಟ್ಟ. ಒರಿಜಿನಲ್ ಬಂದು ನೋಡಿದ, ಪೆಟ್ಟಿಗೆಯನ್ನು ಬಿಚ್ಚಿ ಭಾಮೈದನ ಅಂಗಡಿ ಮುಂದಿಟ್ಟು ಬಂದ. ಅಂದಿನಿಂದ ಅವರಿಬ್ಬರ ಮಾತು ಆಕೆಯ ಮೂಲಕ. ಆಕೆ ಎಂದರೆ ಒಬ್ಬನಿಗೆ ಹೆಂಡತಿ, ಇನ್ನೊಬ್ಬನಿಗೆ ಅಕ್ಕ. ಕೆಲಸ, ಸಿಟಿ ಬಸ್ಸಿನ ಡ್ರೈವರ್.

೩

ಈಗ ಸ್ವಲ್ಪ ಗೇರಿನ ವಿಷಯ. (ಓಡಿಹೋಗಬೇಡಿ, ಇಡೀ ಕಥೆ ಇದರ ಮೇಲೆ ನಿಂತಿದೆ.)

ಈಗಿನ ಬೈಕುಗಳಲ್ಲಿ ಗೇರು ಎಡಗಾಲಿಗೆ. ಇದರಲ್ಲಿ ಬಲಗಾಲಿಗೆ. ಬೆರಳ ತುದಿಯಿಂದ ಲಿವರನ್ನು ಮೇಲೆತ್ತಿದರೆ ಮೊದಲನೆಯದು. ಆಮೇಲಿನವೆಲ್ಲ ಕೆಳಗೆ ಒತ್ತಿದರೆ ಬೀಳುತ್ತವೆ. ಮತ್ತೆ ಇಳಿದು ಬರಬೇಕಾದರೆ ಒಂದೊಂದಾಗಿ ಎತ್ತುತ್ತ ಬರಬೇಕು.

ಒರಿಜಿನಲ್ ತನ್ನ ಅಂಗಡಿಯ ಸ್ಟೂಲಿನಿಂದ ಬಿದ್ದು ಬಲಗಾಲು ಮುರಿದುಕೊಂಡ. ಮೂಳೆ ಕೂಡಿತು, ಆದರೆ ಪಾದವನ್ನು ಎತ್ತುವ ನರ ಹೋಯಿತು. ಕಾಲಿನ ಭಾರ ಹಾಕಿ ಒತ್ತಬಲ್ಲ, ಪಾದದ ತುದಿಯನ್ನು ಎತ್ತಲಾರ. ಎತ್ತಹೋದರೆ ಪಾದ ಒದ್ದೆ ಟವೆಲಿನಂತೆ ಜೋಲುತ್ತದೆ. ಆಯಿತಲ್ಲ? ಮೇಲಿನ ಗೇರುಗಳಿಗೆ ಹೋಗಬಲ್ಲ, ಕೆಳಗೆ ಬರಲಾರ. ಮೊದಲನೆಯದಂತೂ ಸಿಗುವುದೇ ಇಲ್ಲ.

ಇದಕ್ಕೆ ಉಪಾಯವಿಲ್ಲದಿಲ್ಲ. ಲಿವರನ್ನು ಹಿಂದಕ್ಕೆ ಉದ್ದ ಮಾಡಿದರೆ ಸಾಕು. ಹಿಮ್ಮಡಿಯಿಂದ ಹಿಂದಿನ ತುದಿ ಒತ್ತಿದರೆ ಮುಂದಿನ ತುದಿ ತಾನೇ ಮೇಲೇಳುತ್ತದೆ. ಒರಿಜಿನಲ್‌ಗೆ ಇದು ಆಸ್ಪತ್ರೆಯ ಮಂಚದ ಮೇಲೇ ಹೊಳೆದಿತ್ತು. ಯಾರಿಗೂ ಹೇಳಲಿಲ್ಲ. ಅಸಲು ಲಿವರಿಗೆ ಬಾಲ ಕೂಡಿಸುವುದೇ? ಅದೂ ಯಾರ ಕೈಯಲ್ಲಿ?

೪

ಇಲ್ಲಿ ನಾನು ಎರಡು ಮುಕ್ತಾಯ ಬರೆದೆ.

ಮೊದಲನೆಯದು: ನರ ತಾನಾಗಿ ಚಿಗುರುತ್ತದೆ, ಅವನು ಒಂದು ಬೆಳಗ್ಗೆ ಎದ್ದು ಪಾದ ಎತ್ತುತ್ತಾನೆ. ಅವನಿಗೇ ಓದಿ ಹೇಳಿದೆ. ಡಾಕ್ಟರು ಇನ್ನು ಆಗಲ್ಲ ಅಂದಿದ್ದಾರೆ, ನೀವು ಅವರಿಗಿಂತ ಹೆಚ್ಚು ಓದಿದ್ದೀರಾ ಎಂದು ಕೇಳಿದ. ಹರಿದೆ.

ಎರಡನೆಯದು: ಬೈಕನ್ನು ಮಾರುತ್ತಾನೆ, ಖಾಲಿ ಜಾಗದ ಎಣ್ಣೆ ಕಲೆ ನೋಡುತ್ತ ನಿಲ್ಲುತ್ತಾನೆ. ಡ್ಯೂಟಿ ಮುಗಿಸಿ ಬಂದ ಆಕೆ ಹಾಳೆಯನ್ನು ಕಣ್ಣಿಂದ ದೂರ ಹಿಡಿದು ಓದಿದಳು.

“ನೀವು ಕಥೆ ಬರೆಯೋರು, ಮಾರಿಸಿ ಅಳಿಸಿ ಹೋಗ್ತೀರಿ. ಮುಂದಿನ ಭಾನುವಾರ ಈ ಮನುಷ್ಯ ಮನೇಲಿ ಕೂತು ನನ್ನ ಮಿಕ್ಸಿ ಬಿಚ್ತಾರಲ್ಲ, ಅದನ್ನ ಯಾರು ಬರೀತಾರೆ?”

ಅದನ್ನೂ ಹರಿದೆ.

೫

ನನಗೆ ಬೇರೇನೂ ತೋಚದೆ ಕೂತಿದ್ದಾಗ ಒರಿಜಿನಲ್ ಹೇಳದೆ ಕೇಳದೆ ಬೈಕ್ ಹೊರತೆಗೆದ. ಕಾರ್ಬುರೇಟರಿನ ಗುಂಡಿ ಒತ್ತಿ, ಬೆರಳಿಗೆ ಪೆಟ್ರೋಲ್ ತಾಗಿದ ಮೇಲೆ ಕಿಕ್ ಹೊಡೆದ. ಕಿಕ್ಕೂ ಒತ್ತುವ ಕೆಲಸವೇ, ಅದಕ್ಕೆ ಅಡ್ಡಿಯಿಲ್ಲ. ಇಂಜಿನ್ ಹತ್ತಿಕೊಂಡಿತು. (ಸದ್ದನ್ನು ವರ್ಣಿಸಹೋಗಿ ಆಗಲೇ ಎರಡು ಸಲ ಹರಿದಾಗಿದೆ.) ಒಮ್ಮೆ ಒತ್ತಿದ, ಎರಡನೇ ಗೇರು. ಕ್ಲಚ್ ಸುಟ್ಟ ವಾಸನೆಯೊಡನೆ ಗಾಡಿ ಹೊರಟಿತು. ಮೂರು, ನಾಲ್ಕು. ತಿಂಗಳುಗಳ ಮೇಲೆ ಮುಖಕ್ಕೆ ಗಾಳಿ ಬಡಿಯಿತು. ಅವನು ನಗುತ್ತಿದ್ದ, ನಾನು ನೋಡಿದೆ.

ಸಿಗ್ನಲ್ ಕೆಂಪಾಯಿತು.

ನಾಲ್ಕನೇ ಗೇರಿನಲ್ಲಿ ನಿಂತ. ಹಸಿರಾದಾಗ ಕ್ಲಚ್ ಬಿಟ್ಟ, ಇಂಜಿನ್ ಸತ್ತಿತು. ಬಗ್ಗಿ ಕೈಯಿಂದ ಲಿವರ್ ಎತ್ತಹೋದರೆ ಬೈಕು ವಾಲಿತು. ಹಿಂದಿನಿಂದ ಹಾರ್ನ್, ಅದರ ಹಿಂದೆ ಇನ್ನಷ್ಟು ಹಾರ್ನ್. ಒಂದು ಬಸ್ಸು ಅವನ ಬೆನ್ನಿಗೇ ಬಂದು ನಿಂತು ಹಾರ್ನ್ ಹೊಡೆಯದೆ ಸುಮ್ಮನಿತ್ತು. ಅದರಿಂದ ಆಕೆ ಇಳಿದಳು.

(ಗೊತ್ತು, ಇದು ಅತಿಯಾಯಿತು. ವಿಮರ್ಶಕರು ಬಿಡುವುದಿಲ್ಲ. ಬೇರೊಬ್ಬ ಡ್ರೈವರನ್ನು ಹಾಕಿ ನೋಡಿದೆ. ಆಕೆ ಒಪ್ಪಲಿಲ್ಲ, ಅದು ನನ್ನ ರೂಟು ಎಂದಳು. ಏರಿಲ್ಲದ, ತಿರುವಿಲ್ಲದ ರಸ್ತೆ ಊರಿನಲ್ಲಿ ಅದೊಂದೇ. ಕೆಳಗಿನ ಗೇರಿಲ್ಲದವನು ಇನ್ನೆಲ್ಲಿಗೆ ಹೋಗುತ್ತಾನೆ?)

ಯೂನಿಫಾರ್ಮಿನಲ್ಲೇ ಕುಕ್ಕರಗಾಲಲ್ಲಿ ಕೂತಳು. “ಕ್ಲಚ್ ಹಿಡೀರಿ. ಗಾಡಿ ಸ್ವಲ್ಪ ಹಿಂದೆ ಮುಂದೆ ಮಾಡಿ.” ಅವನು ಮಾಡಿದ. ಬೆರಳಿಂದ ಲಿವರನ್ನು ಎತ್ತುತ್ತ ಒಂದೊಂದೇ ಗೇರು ಇಳಿಸಿದಳು. ಬಸ್ಸಿನ ಕಿಟಕಿಯಿಂದ ಯಾರೋ, ಮೇಡಂ ಈಗ ಬೈಕ್ ರಿಪೇರಿನೂ ಶುರು ಮಾಡಿದ್ರಾ ಎಂದು ಕೇಳಿದರು.

“ನಮ್ಮನೇದೇ,” ಎಂದಳು ತಿರುಗದೆ. ಬೈಕೋ ಗಂಡನೋ ಎಂದು ನಾನು ವಿಚಾರಿಸಲಿಲ್ಲ.

೬

ಸಂಜೆ ಮನೆಯಲ್ಲಿ ಆಕೆ ಬೈಯಲಿಲ್ಲ. ಶೂ ಬಿಚ್ಚುತ್ತ ಹೇಳಿದ್ದು ಇಷ್ಟು: “ದಿನಾ ನಿಮ್ಮ ಹಿಂದೆ ಬಸ್ ತಗೊಂಡು ಬರೋಕಾಗಲ್ಲ. ನನ್ನ ಗಾಡೀಲಿ ಸ್ಟೇರಿಂಗ್ ಬಿಟ್ರೆ ಒಂದೂ ಒರಿಜಿನಲ್ ಇಲ್ಲ. ಆದ್ರೂ ಜನ ಮನೆ ಸೇರ್ತಿದ್ದಾರೆ. ತಮ್ಮ ಇನ್ನೂ ಅಂಗಡಿ ಮುಚ್ಚಿಲ್ಲ.”

ಒರಿಜಿನಲ್ ಲಿವರ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡು ಕುಂಟುತ್ತ ಹೋದ. ಭಾಮೈದ ಕೈಯಲ್ಲಿದ್ದ ಗೇಟಿನ ಕೆಲಸ ಮುಗಿಸುವವರೆಗೂ ತಲೆ ಎತ್ತಲಿಲ್ಲ. ಆಮೇಲೆ, ಹಿಂದಕ್ಕೆ ಉದ್ದ ಮಾಡಬೇಕೆಂದು ಒರಿಜಿನಲ್ ಬೆರಳಿಟ್ಟು ತೋರಿಸಿದ ಲಿವರನ್ನು ತಿರುಗಿಸಿ ನೋಡಿದ. ಕಾರ್ಖಾನೆಯ ಮುದ್ರೆಯ ಮೇಲೆ ಹೆಬ್ಬೆರಳಾಡಿಸಿದ.

“ಕ್ಲಾಂಪ್ ಹಾಕಿದ್ರೆ ಬಿಚ್ಚಬಹುದು ಭಾವ, ಆದ್ರೆ ಜಾರತ್ತೆ. ವೆಲ್ಡಿಂಗ್ ಹೊಡೆದ್ರೆ ಜಾರಲ್ಲ. ಆದ್ರೆ ಇದು ಮತ್ತೆ ಮೊದಲಿನ ಥರ ಆಗಲ್ಲ.”

ನಾನು ಸುಮ್ಮನಿರಲಾರದೆ ಸಲಹೆ ಕೊಟ್ಟೆ: ಒಂದು ನಕಲು ಲಿವರ್ ಮಾಡಿಸು, ಅದಕ್ಕೆ ವೆಲ್ಡಿಂಗ್ ಹೊಡೆಸು, ಅಸಲನ್ನು ಗೋಡೆಗೆ ನೇತುಹಾಕು. ಕಥೆಯೂ ಸುತ್ತು ಬಂದು ಕೂಡುತ್ತದೆ. ಒರಿಜಿನಲ್ ನಿಜವಾಗಿ ಯೋಚಿಸಿದ. ನಕಲು ಮಾಡುವುದು ಅವನ ಕಸುಬೇ ತಾನೆ.

“ಗೋಡೆನ ಓಡಿಸೋಕಾಗಲ್ಲ ಸಾರ್,” ಎಂದ ಕೊನೆಗೆ. “ಅದು ಬರೀ ನನ್ನ ಮಾನ ಉಳಿಸೋ ಕೆಲಸ.”

ಭಾಮೈದ ಮುಖವಾಡ ಕೈಗೆತ್ತಿಕೊಂಡ. “ಆಮೇಲೆ ಬೈಬಾರದು.”

“ಬೈತೀನಿ. ನೀನು ಹೊಡಿ.”

ಕಿಡಿ ಹಾರಿತು. ಮುದ್ರೆ ಕಪ್ಪಾಗಿ ಕರಗಿತು. ಬೆಸುಗೆಯ ಗಂಟನ್ನು ಅರ ಹಿಡಿದು ಉಜ್ಜಿದ್ದು ಒರಿಜಿನಲ್. ಉಜ್ಜುತ್ತಲೇ, ನಿನ್ನ ಕೈ ನಡುಗುತ್ತೆ ಕಣೋ, ಗೇಟಿಗೆ ಸರಿ, ಗೇರಿಗಲ್ಲ ಎಂದು ಬೈದ. ಭಾಮೈದ ಎರಡು ಟೀ ತರಿಸಿದ.

೭

ಭಾನುವಾರ ಬೆಳಗ್ಗೆ ಹಿಮ್ಮಡಿ ಒತ್ತಿದ. ಮೊದಲನೇ ಗೇರು ಬಿತ್ತು. ಸಮತಟ್ಟಿನ ರಸ್ತೆ ಬಿಟ್ಟು ಏರಿನ ಕಡೆ ತಿರುಗಿದ, ಕಣ್ಮರೆಯಾದ.

ಬೆಸುಗೆ ತಡೆಯಿತೇ? ಬೈಕ್ ಮಂದಿ ಮೊಣಕಾಲೂರಿ ನೋಡಿ ಕೈ ಒರೆಸಿಕೊಂಡರೇ? ನಾನು ಬರೆಯುವುದಿಲ್ಲ. ಅವನನ್ನು ಮನೆಗೆ ವಾಪಸ್ ತಂದು ನಿಲ್ಲಿಸಿ ಬಾಗಿಲು ಹಾಕುವ ಕೆಲಸ ನನ್ನದಲ್ಲ. ಎಷ್ಟು ಹೊತ್ತಿಗೆ ಬರ್ತಾರೆ ಎಂದು ಆಕೆ ನನ್ನನ್ನು ಕೇಳಿದಳು. ಗೊತ್ತಿಲ್ಲ ಎಂದೆ. ಹಾಗಾದರೆ ನೀವು ಯಾಕೆ ಇಲ್ಲಿ ಕೂತಿದ್ದೀರಿ ಎಂದಳು. ಎದ್ದೆ.

ಅಸಲು ಲಿವರ್ ಹೋಯಿತು, ಮತ್ತೆ ಸಿಗುವುದಿಲ್ಲ. ಅವನಿಗೆ ಏರು ಹತ್ತುವ ಗೇರು ಸಿಕ್ಕಿತು.