ನೀಲಿ ಕ್ಯಾನಿನ ಚೀಟಿ

ದೇವಣಗಾಂವ ಹತ್ತಿರ ಡೀಸೆಲ್ ಟ್ಯಾಂಕರ್ ಹಳ್ಳಕ್ಕೆ ಉರುಳಿದ ಮೂರನೆಯ ದಿನ ಸಿದ್ದರಾಯ ಕೂಲಿಗೆ ಹೋದ. ಬೆನ್ನಿಗೆ ಪಂಪು ಕಟ್ಟಿಕೊಂಡು ನೀರಿನ ಮೇಲೆ ಅದೇನೋ ಔಷಧ ಹೊಡೆಯುವ ಕೆಲಸ. ಸಂಜೆ ಬರುವಾಗ ಖಾಲಿಯಾದ ನೀಲಿ ಕ್ಯಾನೊಂದನ್ನು ಹೊತ್ತು ತಂದ.

“ಎಣ್ಣಿ ಎಲ್ಲಿ ಹೋತೋ ಗೊತ್ತಿಲ್ಲಬೇ! ಹೊಡದ್ವಿ, ಕಣ್ಣ ಮುಂದ ಮಾಯ!” ಎಂದು ತಾಯಿ ತಿಪ್ಪವ್ವನಿಗೆ ಹೇಳಿ ಕೆಮ್ಮಿದ.

ತಿಪ್ಪವ್ವನ ಕಣ್ಣು ಕ್ಯಾನಿನ ಮೇಲಿತ್ತು. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಊರಲ್ಲಿ ಗಟ್ಟಿ ಮುಚ್ಚಳದ ಕ್ಯಾನೆಂದರೆ ಬಂಗಾರ. ಯಾವ ಔಷಧದ್ದೇ ಆಗಲಿ, ಬೂದಿ ಹಾಕಿ ಮೂರು ಸಲ ತಿಕ್ಕಿದರೆ ಕುಡಿಯುವ ನೀರಿಗೆ ಆಯಿತು ಎಂದೇ ಓಣಿಯವರೆಲ್ಲ ನಂಬಿದ್ದರು.

“ರೇಣುಕಾ, ಇದನ್ನ ತಿಕ್ಕಿ ಇಡವಾ” ಎಂದಳು ಮೊಮ್ಮಗಳಿಗೆ.

ಏಳನೆಯ ತರಗತಿಗೇ ಶಾಲೆ ಬಿಟ್ಟ ರೇಣುಕಾ ಮಾತಿನವಳಲ್ಲ, ನೋಡುವವಳು. ಮೂರು ಸಲ ತಿಕ್ಕಿದರೂ ಕ್ಯಾನಿನೊಳಗೆ ನೊರೆ ಏಳುತ್ತಲೇ ಇತ್ತು. ಮೇಲೆ ಅಂಟಿಸಿದ್ದ ಚೀಟಿಯ ಇಂಗ್ಲಿಷು ಅವಳಿಗೆ ತಿಳಿಯಲಿಲ್ಲ. ಚಿತ್ರ ತಿಳಿಯಿತು: ಮೂಗು, ಬಾಯಿ ಮುಚ್ಚಿಕೊಂಡ ಮುಖ, ಕೈಗವಸು ತೊಟ್ಟ ಕೈ. ತಿರುಗಿ ಅಪ್ಪನನ್ನು ನೋಡಿದಳು. ಅಂಗೈ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಅವಳು ಮೆಲ್ಲಗೆ ಚೀಟಿ ಬಿಡಿಸಿ ಓಢಣಿಯ ತುದಿಗೆ ಗಂಟು ಹಾಕಿಕೊಂಡಳು.

ಬೆಳಗ್ಗೆ ಸಿದ್ದರಾಯನ ಉಸಿರು ಸೀಟಿ ಹೊಡೆಯುತ್ತಿತ್ತು. ಆದರೂ ರುಮಾಲು ಸುತ್ತಿ ಕೆಲಸಕ್ಕೆ ಹೊರಟ. ರೇಣುಕಾ ಬಾಗಿಲಿಗೆ ಅಡ್ಡ ನಿಂತಳು.

“ಇವತ್ತ ಹೋಗಬ್ಯಾಡಪ್ಪಾ.”

“ಥಂಡಿ ಆಗೇತಿ, ಅಷ್ಟ. ದಾರಿ ಬಿಡು.”

“ಥಂಡಿಗಿ ಅಂಗೈ ಸುಲೀತಾವೇನು?”

“ಅಯ್ಯ ಶಿವನ, ನಮ್ಮ ಮೂಕಿ ಮಾತಾಡಿದ್ಲು!” ತಿಪ್ಪವ್ವ ಬೆರಗಾದಳು. “ಹೋಗೋ, ಮೊದಲ ದವಾಖಾನಿಗಿ ಹೋಗು.”

ರೇಣುಕಾಳೂ ಜೊತೆಗೆ ಹೋದಳು. ಸಿಂದಗಿಯ ದವಾಖಾನೆಯಲ್ಲಿ ಡಾಕ್ಟರ್ ಜಯಮಾಲಾ ಯಾವ ಔಷಧ ಎಂದು ಕೇಳಿದರು. “ಎಣ್ಣಿ ತೊಳಿಯೋದ್ರಿ” ಎಂದ ಸಿದ್ದರಾಯನಿಗೆ ಮುಂದೆ ಗೊತ್ತಿರಲಿಲ್ಲ. ರೇಣುಕಾ ಗಂಟು ಬಿಚ್ಚಿ ಚೀಟಿ ಕೊಟ್ಟಳು. ಡಾಕ್ಟರು ಅದನ್ನು ಎರಡು ಸಲ ಓದಿದರು.

“ಎಣ್ಣಿ ಮಾಯ ಆಗಿಲ್ರಿ. ಸಣ್ಣ ಸಣ್ಣ ಹನಿಯಾಗಿ ನೀರಾಗ ಬೆರತೈತಿ. ಅದರ ತುಂತುರು ಔಷಧದ ಕೂಡ ನಿಮ್ಮ ಎದಿಯಾಗೂ ಹೋಗೈತಿ. ಇವತ್ತೂ ಹೊಡದಿದ್ರ ಉಸಿರಿಗೇ ಕುತ್ತು ಬರ್ತಿತ್ತು. ಚೀಟಿ ತಂದು ಭಾಳ ಚಲೋ ಮಾಡಿದಿ ತಂಗೀ.”

ಆಕ್ಸಿಜನ್ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಸೀಟಿ ನಿಂತಿತು. ಸಿದ್ದರಾಯ ಮೊದಲು ಮನೆಗೆ ಫೋನು ಹಚ್ಚಿ ಆ ಕ್ಯಾನಿಗೆ ನೀರು ತುಂಬಬೇಡವೆಂದ, ಆಮೇಲೆ ಕೆಲಸದ ಮೇಸ್ತ್ರಿ ಯಂಕಪ್ಪನಿಗೆ ಹಚ್ಚಿದ.

“ಯಾರೂ ಬರಿಗೈಲೆ ಹೊಡೀಬ್ಯಾಡ್ರಿ. ಹಳ್ಳದ ನೀರಿಗೆ ದನ ಬಿಡಬ್ಯಾಡ್ರಿ. ಯಾರಂದ್ರು? ನನ್ನ ಮಗಳು ಅಂದಾಳ.”

ರೇಣುಕಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು.

ಅವರು ಮನೆ ಸೇರುವಷ್ಟರಲ್ಲಿ ತಿಪ್ಪವ್ವ ಇನ್ಯಾರೂ ನೀರು ತುಂಬಬಾರದೆಂದು ಕುಡಗೋಲಿನಿಂದ ಕ್ಯಾನಿನ ತಳ ತೂತು ಮಾಡಿದ್ದಳು. ಮೊಮ್ಮಗಳ ದೃಷ್ಟಿ ತೆಗೆಯಲು ಉಪ್ಪು, ಒಣ ಮೆಣಸಿನಕಾಯಿ ಹಿಡಿದು ಬಂದವಳು, ಮಗನ ಎದೆ ಏರಿಳಿಯುವುದನ್ನು ನೋಡಿ ಮೆಣಸಿನಕಾಯಿಯನ್ನು ಒಲೆಗೆ ಹಾಕದೆ ಡಬ್ಬಿಗೇ ಹಾಕಿದಳು.

“ಅದರ ಘಾಟಿಗೆ ಇಂವ ಮತ್ತ ಕೆಮ್ಮತಾನ. ಬರೇ ಉಪ್ಪಿಲೇ ತಗೀತೇನಿ, ನಿಂದರವಾ” ಎಂದು ಮೂರು ಸಲ ನಿವಾಳಿಸಿದಳು.