ಅಕ್ಕನ ನೀರು, ನಮ್ಮ ಗೋಡೆ

ಅಗೋ ಹೋಯಿತಲ್ಲ, ಇಲ್ಲ, ಹೋಗಿಲ್ಲ, ಮೋಡದ ನೆರಳು ಬಿದ್ದಿತ್ತು ಅಷ್ಟೆ, ಬಿಸಿಲು ಬಂದ ಕೂಡಲೇ ಕಲೆ ಮತ್ತೆ ಹಾಗೇ ಕೂತಿದೆ, ಬೀಸಣಿಗೆ ಬಿಚ್ಚಿಟ್ಟ ಹಾಗೆ, ಕಿಟಕಿಯ ಕೆಳಗಿನಿಂದ ಮೂಲೆಯ ಪೈಪಿನವರೆಗೆ, ಕಂದು ಕಂದು — ಅಂಚಿನಲ್ಲಿ ಕಟ್ಟಿದ್ದ ಬಿಳಿ ಉಪ್ಪೇನೋ ಬೆಳಿಗ್ಗೆ ವಿನೆಗರ್ ಹಚ್ಚಿದ್ದಕ್ಕೆ ನೊರೆಯಾಗಿ ಬಿಟ್ಟುಹೋಯಿತು, ಎಷ್ಟು ಖುಷಿಯಾಯಿತು ನನಗೆ, ಗೆದ್ದೆ ಅಂದುಕೊಂಡೆ, ಆದರೆ ಈ ಕಂದು ಉಪ್ಪಿನದಲ್ಲ, ಕೊಳವೆಬಾವಿ ನೀರಿನಲ್ಲಿರುವ ಕಬ್ಬಿಣದ್ದು, ಬಾವಿ ಪಕ್ಕದ ಮನೆಯಲ್ಲಿರುವ ನನ್ನ ಅಕ್ಕನದು, ಹುಲ್ಲು ಅಕ್ಕನದು, ಆ ಹುಲ್ಲಿನ ನಡುವೆ ಕತ್ತು ನಿಗುರಿಸಿಕೊಂಡು ನಿಂತಿರುವ ಸ್ಪ್ರಿಂಕ್ಲರ್ ಅಕ್ಕನದು, ಗೋಡೆ ಮಾತ್ರ ನಮ್ಮದು. ಬುದ್ಧಿವಂತಿಕೆ ಮಾಡಲು ಹೋಗಿ ಬ್ಲೀಚ್ ಬೇರೆ ಸುರಿದೆ, ಬಟ್ಟೆಯ ಕಲೆಗೆ ಹಾಕುವುದಿಲ್ಲವೇ ಅಂತ, ಹೊಂಬಣ್ಣವಾಗಿದ್ದದ್ದು ಕ್ಷಣದಲ್ಲಿ ಕಾಫಿ ಬಣ್ಣಕ್ಕೆ ತಿರುಗಿತು, ಹಾರ್ಡ್‌ವೇರ್ ಅಂಗಡಿಯವನು ಫೋನಿನಲ್ಲಿ ನಕ್ಕ, ತುಕ್ಕಿಗೆ ಬ್ಲೀಚ್ ಹಾಕಿದ್ರಾ ಅಮ್ಮಾ, ಅದು ಇನ್ನೂ ಕಚ್ಕೊಳ್ಳುತ್ತೆ, ತುಕ್ಕು ತೆಗೆಯೋ ಪುಡಿ ಕಳಿಸ್ತೀನಿ, ನೀರಲ್ಲಿ ಕಲಸಿ ಹಚ್ಚಿ, ಕೈಗೆ ಗ್ಲೌಸ್ ಹಾಕ್ಕೊಳಿ, ಕೆಳಗಿಂದ ಮೇಲಕ್ಕೆ ಹೋಗಿ, ಮೇಲಿಂದ ಬಂದ್ರೆ ಗೆರೆ ಗೆರೆ ಬೀಳುತ್ತೆ. ಕೆಳಗಿನಿಂದ ಮೇಲಕ್ಕೆ. ಕೂತು ಶುರು ಮಾಡಿದೆ, ಈಗ ನಿಂತಿದ್ದೇನೆ, ಸೊಂಟ ನನ್ನದೋ ಯಾರದೋ ಗೊತ್ತಾಗುತ್ತಿಲ್ಲ.

ಇಷ್ಟಕ್ಕೂ ಇದನ್ನು ಯಾಕೆ ತಿಕ್ಕುತ್ತಿದ್ದೇನೆ, ಬೆಳಿಗ್ಗೆ ಹೊರಗೆ ಬಂದದ್ದು ಗೋಡೆ ತಿಕ್ಕಲಿಕ್ಕಲ್ಲ, ಆ ಮೊಣಕಾಲೆತ್ತರದ ಬೇಲಿ ದಾಟಿ ಅಕ್ಕನ ಬಾಗಿಲು ತಟ್ಟಲಿಕ್ಕೆ, ಸಂಜೆ ಊಟಕ್ಕೆ ಬಾ ಅನ್ನಲಿಕ್ಕೆ, ಮಗಳು ಮೆಚ್ಚಿದ ಹುಡುಗನ ಅಪ್ಪ ಅಮ್ಮ ಬರುತ್ತಾರೆ, ಮೊದಲ ಸಲ, ಮಗಳು ನಿನ್ನೆಯೇ ಹೇಳಿಬಿಟ್ಟಿದ್ದಾಳೆ, ದೊಡ್ಡಮ್ಮ ಇಲ್ದೆ ನಾನು ಮೇಜಿಗೆ ಬರಲ್ಲ, ಅವರ ಮುಂದೆ ನೀನೇ ಹೇಳ್ಕೋ, ಪಕ್ಕದ ಮನೇಲಿರೋ ಅಕ್ಕ ಯಾಕೆ ಬಂದಿಲ್ಲ ಅಂತ. ಹೇಳಿದ್ದನ್ನು ಮಾಡುವವಳೇ, ಹಠದಲ್ಲಿ ನನ್ನನ್ನೇ ಮೀರಿಸುತ್ತಾಳೆ, ಅಥವಾ ಅಕ್ಕನನ್ನು, ಚಿಕ್ಕವಳಿದ್ದಾಗ ಯಾವಾಗಲೂ ಅಲ್ಲೇ ಬಿದ್ದಿರುತ್ತಿದ್ದಳು, ಜಡೆ ಹಾಕಲು ನಿನಗೆ ಬರಲ್ಲ ದೊಡ್ಡಮ್ಮನೇ ಹಾಕಬೇಕು ಅಂತ. ಇವರು ಹೇಳುತ್ತಾರೆ, ನೀನು ಹೋಗಿ ಒಂದು ಮಾತು ಕರಿ, ನಾಲಿಗೆಯೇನು ಸವೆದು ಹೋಗುತ್ತಾ, ಕಲೆಗೆ ಬಣ್ಣ ಬಳಿಸಿದ್ರಾಯ್ತು — ಗಂಡಸರಿಗೆ ಎಲ್ಲದಕ್ಕೂ ಬಣ್ಣ, ತುಕ್ಕಿನ ಮೇಲೆ ಬಳಿದ ಬಣ್ಣದಿಂದ ತುಕ್ಕು ಮತ್ತೆ ಹೊರಗೆ ಬರುತ್ತದೆ, ಎರಡು ಸಲ ಬಂದಾಗಿದೆ. ಬೇಲಿಯ ತನಕ ಹೋದೆ, ನಿಜವಾಗಿ ಹೋದೆ, ಹೋಗಿ ತಿರುಗಿ ನೋಡಿದರೆ ಗೋಡೆ ಕಂಡಿತು, ಅವಳ ಕಡೆಯಿಂದ ನೋಡಿದರೆ ಇಷ್ಟು ಅಸಹ್ಯವಾಗಿ ಕಾಣುತ್ತದೆಯೇ, ದಿನಾ ಇದನ್ನು ನೋಡಿಕೊಂಡು ಹೇಗೆ ಸುಮ್ಮನಿದ್ದಳು, ಮೈ ಉರಿಯಿತು, ವಿನೆಗರ್ ತಂದೆ.

ಮೊದಲು ಮಾತು ಬಿಟ್ಟದ್ದು ಯಾರು, ಅದೇ ನೆನಪಾಗುತ್ತಿಲ್ಲ ಈಗ, ನಾನೇ ಇರಬೇಕು, ಅಲ್ಲ, ಅವಳೇ. ಭಾವ ಹುಲ್ಲು ಹಾಕಿಸಿ ಸ್ಪ್ರಿಂಕ್ಲರ್ ಕೂರಿಸಿದ ಹೊಸತು, ನಾನು ಕಿಟಕಿಯಿಂದಲೇ ಕೂಗಿದೆ, ಅಕ್ಕಾ ನೀರು ನಮ್ಮ ಗೋಡೆಗೆ ಬೀಳ್ತಿದೆ, ಜೋರಾಗಿ ಕೂಗಿದೆನೋ ಏನೋ, ಕೆಲಸದವರೆಲ್ಲ ತಿರುಗಿ ನೋಡಿದರು, ಅವಳು ಕೆಂಪಗಾಗಿ, ನೀರು ತಾನೇ ಬೀಳ್ತಿರೋದು, ಬೆಂಕಿ ಅಲ್ವಲ್ಲ ಅಂದಳು, ನಾನು ಕಿಟಕಿ ಹಾಕಿದೆ, ಕಿಟಕಿ ಹಾಕಿದ್ದು ಗಾಳಿಯೂ ಇರಬಹುದು, ಅವತ್ತು ಗಾಳಿ ಇತ್ತು, ನಾನೇ ಹಾಕಿದ್ದೆಂದು ಅವಳು ತಿಳಿದುಕೊಂಡಳೋ, ಗಾಳಿಯೇ ಹಾಕಿದ್ದನ್ನು ನಾನು ನನ್ನ ಕೈಯದೆಂದು ನೆನಪಿಟ್ಟುಕೊಂಡಿದ್ದೇನೋ. ಕಡ್ಡಿ ಗುಡ್ಡವಾಗಲು ಇಷ್ಟು ಸಾಕು. ಆಮೇಲೆ ಅವಳು ಸ್ಪ್ರಿಂಕ್ಲರ್ ಕತ್ತು ತಿರುಗಿಸಲಿಲ್ಲ, ಭಾವ ವಾರಗಟ್ಟಲೆ ಹೊರಗೆ ಇರುವವರು, ಅವಳಿಗೆ ಮನಸ್ಸಿದ್ದರೆ ಒಂದು ಸಲ ತಿರುವಿದರೆ ಮುಗಿಯಿತು, ತಿರುಗಿಸಲಿಲ್ಲ, ಬೇಕೆಂದೇ, ಬೇಕೆಂದೇ ಬಿಟ್ಟಿದ್ದಾಳೆ ಅಂತ ನಾನು ಇವರಿಗೆ ಹೇಳಿದೆ, ಮಗಳಿಗೆ ಹೇಳಿದೆ, ಪಾತ್ರೆಗಳಿಗೆ ಹೇಳಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ, ಬಾಯಿ ಮುಚ್ಚಿಕೊಂಡಿದ್ದಕ್ಕೆ ಗೋಡೆಯ ಬಣ್ಣ ಕೆಟ್ಟಿತು.

ಬಿಡುತ್ತಿದೆ, ಬಿಡುತ್ತಿದೆಯಲ್ಲ, ಈ ಸಲ ಮೋಡವಲ್ಲ, ಪುಡಿ ಕಲಸಿದ ನೀರು ಹಚ್ಚಿದಲ್ಲಿ ಕಂದು ಹಳದಿಯಾಗಿ, ಹಳದಿ ಇಲ್ಲವಾಗಿ, ಗೋಡೆ ಕಾಣುತ್ತಿದೆ, ನನ್ನ ಗೋಡೆ, ಸ್ಪಂಜಿನಲ್ಲಿ ಒರೆಸಿ ಬಕೆಟ್ ನೀರು ಎರಚಿದೆ, ಇನ್ನು ಕಿಟಕಿಯ ಕೆಳಗೆ ಒಂದು ಮೊಳ, ಅಷ್ಟು ಮುಗಿಸಿ ಒಣಗಿದರೆ ಸಾಕು, ಕೈಕಾಲು ತೊಳೆದು ಹೋಗಿ ಕರೆಯುತ್ತೇನೆ, ನೋಡು ಕಲೆ ಹೋಯ್ತು, ಬಾ, ಅನ್ನುತ್ತೇನೆ, ಕಲೆ ಹೋಯ್ತು ಅಂದರೆ ಚುಚ್ಚಿದ ಹಾಗಾಗುತ್ತದೆಯೇ, ಬರೀ ಬಾ ಅನ್ನಲೇ, ಬರದಿದ್ದರೆ, ಬಾಗಿಲೇ ತೆಗೆಯದಿದ್ದರೆ, ಮಗಳು ಕೋಣೆಯಲ್ಲಿ, ಬಂದವರು ಮೇಜಿನ ಮುಂದೆ, ನಾನು ನಡುವೆ ನಿಂತು ಇನ್ನೂ ಸ್ವಲ್ಪ ಬಡಿಸ್ಲಾ ಅಂತ. ಸ್ಪ್ರಿಂಕ್ಲರ್ ಇವತ್ತು ಇದೆಯೇ, ದಿನ ಬಿಟ್ಟು ದಿನ ಬರುತ್ತದೆ, ನಿನ್ನೆ ಬಂದಿತ್ತೇ, ಕಿಟಕಿಗೆ ಹನಿ ಬಡಿದ ಸದ್ದು ಕೇಳಿದ್ದು ನಿನ್ನೆಯೋ ಮೊನ್ನೆಯೋ —

ಇವತ್ತೇ. ಬುಸ್ ಅಂತ ಗಾಳಿ ಕಕ್ಕಿ, ಕೆಮ್ಮಿ, ನೀರು ಎದ್ದಿತು, ಆಚೆ ಕಡೆ ಒಂದು ಸುತ್ತು ಹೋಗಿ ಇತ್ತ ತಿರುಗುತ್ತಿದೆ, ನಾನು ಬ್ರಷ್ ಹಿಡಿದುಕೊಂಡು ಗೋಡೆಗೆ ಅಡ್ಡ ನಿಂತೆ, ನಾನು ನಿಂತರೆ ಎಷ್ಟು ಗೋಡೆ ಉಳಿಯುತ್ತದೆ, ಆಗ ಬಾಗಿಲು ದಡಾರನೆ ತೆರೆದು ಅಕ್ಕ ಬರಿಗಾಲಲ್ಲಿ ಓಡಿ ಬಂದಳು, ಅಂದರೆ ಒಳಗಿನಿಂದ ನೋಡುತ್ತಲೇ ಇದ್ದಳೇ, ಎಷ್ಟು ಹೊತ್ತಿನಿಂದ, ಓಡಿ ಬಂದು ಅದರ ಕತ್ತು ಹಿಡಿದಳು, ತಿರುವಿದಳು, ಎಡಕ್ಕೆ, ಬಲಕ್ಕೆ, ಎಳೆದಳು, ಒತ್ತಿದಳು, ಅದು ಜಗ್ಗಲಿಲ್ಲ, ಮುಖಕ್ಕೆಲ್ಲ ನೀರು, ಹಾಳಾದ್ದು, ಇದನ್ನ ಹೇಗೆ ತಿರುಗಿಸೋದೋ ಇಷ್ಟು ದಿನ ಆದ್ರೂ ಗೊತ್ತಾಗ್ಲಿಲ್ಲ, ಆನ್ ಆಫ್ ಎಲ್ಲ ಅವರ ಫೋನಲ್ಲಿದೆ, ನನಗೇನು ಬರುತ್ತೆ — ನನಗೆ ಹೇಳುತ್ತಿದ್ದಾಳೆಯೇ, ಅದಕ್ಕೆ ಹೇಳುತ್ತಿದ್ದಾಳೆಯೇ. ಗೊತ್ತಿರಲಿಲ್ಲ. ಬೇಕೆಂದಲ್ಲ, ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನಲು ನಾಚಿಕೆಪಟ್ಟಳು, ಭಾವನನ್ನು ಕೇಳಲೂ ನಾಚಿಕೆಪಟ್ಟಳೋ, ನಾನು ಕೇಳಲಿಲ್ಲ, ಅಳು ಬರುತ್ತಿದೆ, ಇಂಥ ಸಣ್ಣದಕ್ಕೆ. ಅವಳು ಹುಲ್ಲಿನ ಮೇಲೆ ಮಂಡಿಯೂರಿ ಕೂತು ಅದರ ಬಾಯಿಗೆ ಅಂಗೈ ಒತ್ತಿ ಹಿಡಿದಳು, ನನ್ನ ಕಡೆ ನೋಡಲಿಲ್ಲ, ಗೋಡೆ ನೋಡಿಕೊಂಡೇ, ಬೇಗ ತಿಕ್ಕೇ, ಕೈ ಸೋಲ್ತಿದೆ.

ತಿಕ್ಕೇ ಅಂದಳು. ನನಗೆ ಅಂದಳು. ಒಂದು ಮೊಳ ಇದೆ, ತಿಕ್ಕಬೇಕು, ಬ್ರಷ್ ಎತ್ತಬೇಕು, ಸಂಜೆ ಬಾ ಅನ್ನಬೇಕು, ಮಗಳು ಕಾಯ್ತಿದ್ದಾಳೆ ಅನ್ನಬೇಕು, ಬೇಲಿ ದಾಟಬೇಕು, ಯಾವುದು ಮೊದಲು, ಕೈ ಏಳುತ್ತಿಲ್ಲ, ಕಣ್ಣು ಅಲ್ಲೇ ನಿಂತಿದೆ, ಆ ಕೈ, ನೀರಿನ ಬಾಯಿಗೆ ಒತ್ತಿದ ಅಕ್ಕನ ಕೈ, ಬೆರಳ ಸಂದಿಯಿಂದ ನೀರು ಚಿಮ್ಮಿ ಅವಳದೇ ಮುಖಕ್ಕೆ, ಕೊರಳಿಗೆ, ಆದರೂ ಬಿಡುತ್ತಿಲ್ಲ, ಆ ಕೈ